ಮೇಜಿನ ಕೆಳಗಿನ ಪಾಠ

ಹಳೆಯ ಬೆಡ್‌ಶೀಟಿನ ಒಂದು ಅಂಚು ಹೊಲಿದು ಮುಗಿಸಿ ಇನ್ನೊಂದನ್ನು ಮಡಿಸಿಕೊಳ್ಳುತ್ತಿದ್ದಾಗ ಫೋನು ಬಡಿದುಕೊಂಡಿತು. ಒಲೆಯ ಮೇಲೆ ಹಾಲು, ಹಲ್ಲಿನ ನಡುವೆ ದಾರ, ಮಡಿಲಲ್ಲಿ ಬೆಡ್‌ಶೀಟು. ನಾಲ್ಕನೇ ತರಗತಿಯ ಟೀಚರು ಮೊಣಕೈಯಿಂದಲೇ ಸ್ಪೀಕರ್ ಒತ್ತಿದಳು.

"ಮೇಡಂ, ಇವತ್ತು ಇನ್‌ಸ್ಪೆಕ್ಷನ್ನು!" ಪಕ್ಕದ ಕೋಣೆಯಲ್ಲಿ ಐದನೇ ತರಗತಿಗೆ ಪಾಠ ಮಾಡುವ ಮೇಡಂ ದನಿ. "ಈಗ ತಾನೇ ಗೊತ್ತಾಯ್ತು. ಮೊದಲು ನಿಮ್ಮ ಕ್ಲಾಸಿಗೇ ಬರ್ತಾರಂತೆ ಕಣ್ರೀ."

ಸೂಜಿ ಬೆರಳಿಗೆ ಇಳಿಯಿತು. ಹಾಲು ಒಲೆಗೆ ಇಳಿಯಿತು.

"ಶಾಲೆ ಮೇಜಿಗೆ ಪರದೆ ಹೊಲಿಯೋ ಕೈಗೆ ನಮ್ಮನೆ ಕಿಟಕಿ ಮಾತ್ರ ಕಾಣಲ್ಲ," ಅಂದರು ಅತ್ತೆ, ಬಟ್ಟೆ ತಂದು ಒಲೆ ಒರೆಸುತ್ತ. "ಅದೇನು ಮುಖ ಸುಣ್ಣ ಬಳಿದ ಹಾಗಾಯ್ತು?"

"ಏನಿಲ್ಲ ಅತ್ತೆ."

ಭಯ ಅವಳಿಗೆ ಹೊಸದಲ್ಲ. ಮದುವೆಯಾಗಿ ಬಂದ ಮನೆಗಾಗಲಿ, ಕೆಲಸಕ್ಕೆ ಸೇರಿದ ಶಾಲೆಗಾಗಲಿ, ಅದು ಅವಳಿಗಿಂತ ಮೊದಲೇ ಹೋಗಿ ಕುರ್ಚಿ ಹಿಡಿದು ಕೂತಿರುತ್ತಿತ್ತು. ಆದರೆ ಈ ವರ್ಷದ ಭಯ ಬೇರೆ ಥರದ್ದು. ಅದಕ್ಕೆ ಮೂರು ಮುಖಗಳಿದ್ದವು.

ಒಂದು, ಗುಬ್ಬಿ. ಶಾಲೆಗೆ ಸೇರಿದಾಗಿನಿಂದ ತರಗತಿಯಲ್ಲಿ ತುಟಿ ಬಿಚ್ಚದ ಹುಡುಗಿ. ಒಂದು ದಿನ ಉರುಳಿಹೋದ ಪೆನ್ಸಿಲ್ ಹುಡುಕುತ್ತ ಟೀಚರ ಮೇಜಿನ ಕೆಳಗೆ ನುಸುಳಿದವಳು ಅಲ್ಲೇ ಕೂತು ಇಡೀ ಪಾಠ ಓದಿಬಿಟ್ಟಿದ್ದಳು. ಯಾರ ಕಣ್ಣೂ ತನ್ನ ಮೇಲಿರಬಾರದು, ಅಷ್ಟೇ ಅವಳಿಗೆ ಬೇಕಾದದ್ದು. ಎರಡನೆಯವನು ಬುಗುರಿ. ಕೂರಿಸಿದರೆ ಮಗ್ಗಿ ಮರೆತುಹೋಗುತ್ತದೆ, ನಡೆಯಲು ಬಿಟ್ಟರೆ ಹೆಜ್ಜೆಗೊಂದು ಸಾಲು ಉದುರುತ್ತದೆ. ಮೂರನೆಯವನು ಗೋಡೆಗೆ ಮೂಗು ತಾಗಿಸಿ ನಿಂತರೆ ಮಾತ್ರ ಲೆಕ್ಕ ಬಿಡಿಸುವ ಹುಡುಗ. ಮಕ್ಕಳು ಅವನಿಗೆ ಹಲ್ಲಿ ಎಂದು ಹೆಸರಿಟ್ಟಿದ್ದರು.

ಕದ ಮುಚ್ಚಿಕೊಂಡು, ಕಾರಿಡಾರಿನ ಚಪ್ಪಲಿ ಸದ್ದಿಗೆ ಬೆಚ್ಚುತ್ತ, ಟೀಚರು ಮೂವರಿಗೂ ಅವರವರ ದಾರಿಯಲ್ಲೇ ಕಲಿಸುತ್ತಿದ್ದಳು. ಹೋದ ಸಲ ಹೆಡ್ ಮೇಡಂ ಬುಗುರಿಯ ಓಡಾಟ ನೋಡಿಬಿಟ್ಟಿದ್ದರು. "ಇನ್ನೊಂದು ಸಲ ಯಾವ ಮಗು ಆದ್ರೂ ಜಾಗ ಬಿಟ್ಟು ಕಂಡ್ರೆ ಈ ಕ್ಲಾಸು ಐದನೇ ಕ್ಲಾಸಿನ ಮೇಡಂಗೆ ಹೋಗುತ್ತೆ. ನೀವು ಒಂದನೇ ಕ್ಲಾಸಲ್ಲಿ ಮೂಗು ಒರೆಸ್ಕೊಂಡಿರಿ," ಅಂದಿದ್ದರು. ಐದನೇ ಕ್ಲಾಸಿನ ಮೇಡಂ ಕೋಣೆಯಲ್ಲಿ ನೊಣ ಕೂಡ ಕೈಕಟ್ಟಿ ಕೂರುತ್ತಿತ್ತು. ಅವರ ಬೆತ್ತದ ಕೆಳಗೆ ಗುಬ್ಬಿಯ ತುಟಿ ಮತ್ತೆ ಹೊಲಿದುಹೋಗುತ್ತದೆ ಎಂಬುದರಲ್ಲಿ ಟೀಚರಿಗೆ ಅನುಮಾನವಿರಲಿಲ್ಲ.

ಶಾಲೆ ಮುಟ್ಟುವ ಹೊತ್ತಿಗೆ ಉಪಾಯ ಅವಳಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿತ್ತು.

"ನಿಮ್ಮ ಆ ಮೂರು ರತ್ನಗಳನ್ನ ಈ ಕಡೆ ತಳ್ಳಿ," ಅಂದರು ಐದನೇ ಕ್ಲಾಸಿನ ಮೇಡಂ. "ನನ್ನ ಮೂರು ಗಟ್ಟಿ ಮಕ್ಕಳನ್ನ ತಗೊಳ್ಳಿ. ಕೇಳೋಕೆ ಮುಂಚೆ ಉತ್ತರ ಹೇಳ್ತವೆ."

"ಸಿಕ್ಕಿಹಾಕ್ಕೊಂಡ್ರೆ?"

"ಅಯ್ಯೋ, ಎಲ್ಲ ಶಾಲೇಲೂ ನಡೆಯೋದೇ ಇದು. ನೀವೊಬ್ರೇ ಹೀಗೆ ನಡುಗೋದು."

ಡ್ರಿಲ್ ಮಾಸ್ತರರು ಬುಗುರಿಯ ರಟ್ಟೆ ಹಿಡಿದರು. "ಇವನನ್ನ ನನಗೆ ಬಿಡಿ ಮೇಡಂ. ಮೈದಾನದಲ್ಲಿ ಓಡಿಸಿ ಓಡಿಸಿ ಸುಸ್ತು ಮಾಡ್ತೀನಿ. ಆಮೇಲೆ ಏಳು ಅಂದ್ರೂ ಏಳಬಾರದು."

ಹಲ್ಲಿ ಪಕ್ಕದ ಕೋಣೆಗೆ ಹೋದ. ಬದಲಿಗೆ ಬಂದ ಮೂವರು ಮುಂದಿನ ಬೆಂಚಿನಲ್ಲಿ ಕೂತರು. ಒಬ್ಬನ ಮೊಣಕಾಲು ಬೆಂಚಿನ ಸಂದಿಗೆ ಹಿಡಿಸದೆ ಒಂಟೆಯ ಹಾಗೆ ಹೊರಗೆ ಚಾಚಿಕೊಂಡಿತು. ಗುಬ್ಬಿ ಮಾತ್ರ ಗಲಾಟೆ ಕೇಳಿದವಳೇ ಮೇಜಿನ ಕೆಳಗೆ ಸೇರಿಕೊಂಡು ಅದರ ಕಾಲನ್ನು ತಬ್ಬಿಕೊಂಡಿದ್ದಳು.

"ಬಾ ಪುಟ್ಟಿ, ಸ್ವಲ್ಪ ಹೊತ್ತು..."

ಗುಬ್ಬಿ ಕದಲಲಿಲ್ಲ. ಕಾರಿಡಾರಿನಲ್ಲಿ ಬೂಟಿನ ಸದ್ದಾಯಿತು. ಟೀಚರು ಹೊಲಿಗೆ ಮುಗಿಯದ ಬೆಡ್‌ಶೀಟನ್ನೇ ಮೇಜಿಗೆ ಹೊದಿಸಿ ನಿಂತಳು. 

ಇನ್‌ಸ್ಪೆಕ್ಟರು ಬಂದರು, ಹಿಂದೆಯೇ ಹೆಡ್ ಮೇಡಂ. ಕೋಣೆಯಲ್ಲಿ ಇನ್ನೆಷ್ಟೋ ಜಾಗವಿದ್ದರೂ ಇನ್‌ಸ್ಪೆಕ್ಟರು ನೇರವಾಗಿ ಟೀಚರ ಕುರ್ಚಿಯಲ್ಲೇ ಕೂತು ಕಾಲನ್ನು ಮೇಜಿನ ಕೆಳಗೆ ಚಾಚಿದರು. ಬೂಟು ಒಂಚೂರು ತಡವರಿಸಿ ನಿಂತಿತು. ಟೀಚರು ಕಣ್ಣು ಮುಚ್ಚಿದಳು. ಏನೂ ಆಗಲಿಲ್ಲ. ಗುಬ್ಬಿ ಇನ್ನಷ್ಟು ಮುದುಡಿಕೊಂಡಿರಬೇಕು.

"ಏನಮ್ಮಾ, ನಿಮ್ಮ ಮೇಡಂ ಚೆನ್ನಾಗಿ ಪಾಠ ಮಾಡ್ತಾರಾ?" ಇನ್‌ಸ್ಪೆಕ್ಟರು ಬದಲಿ ಬಂದವರಲ್ಲಿ ಒಬ್ಬಳನ್ನು ಕೇಳಿದರು.

"ಹೂಂ ಸಾರ್, ತುಂಬಾ ಚೆನ್ನಾಗಿ. ಅವರು ಪಕ್ಕದ ರೂಮಲ್ಲಿದಾರೆ ಸಾರ್."

ಹೆಡ್ ಮೇಡಂ ಕೆಮ್ಮಿದರು. 

"ಸರಿ, ನೀನು ಓದಪ್ಪ," ಎಂದು ಇನ್‌ಸ್ಪೆಕ್ಟರು ಒಂಟೆ ಮೊಣಕಾಲಿನವನಿಗೆ ಹೇಳಿದರು. ಅವನು ಎದ್ದು, ನಾಲ್ಕನೇ ತರಗತಿಯ ಪುಸ್ತಕವನ್ನು ಎದೆಯ ಮಟ್ಟಕ್ಕೆ ಹಿಡಿದು, ಐದನೇ ತರಗತಿಯ ಪಾಠವನ್ನು ಬಾಯಿಪಾಠದಿಂದ ಗಡಗಡನೆ ಒಪ್ಪಿಸತೊಡಗಿದ. ಪುಸ್ತಕದಲ್ಲಿ ಆಮೆ ಇತ್ತು, ಅವನ ಬಾಯಲ್ಲಿ ಹಡಗು ಹೊರಟಿತ್ತು. ಹಡಗು ಬಂದರು ಬಿಡುವಷ್ಟರಲ್ಲಿ ಮೇಜಿನ ಕೆಳಗಿನಿಂದ ಒಂದು ದನಿ ಬಂತು.

"ಅದು ನಮ್ಮ ಪಾಠ ಅಲ್ಲ."

ಇನ್‌ಸ್ಪೆಕ್ಟರು ಕುರ್ಚಿಯ ಸಮೇತ ಹಿಂದಕ್ಕೆ ನೆಗೆದರು. ಬಗ್ಗಿ ಬೆಡ್‌ಶೀಟು ಎತ್ತಿದರು. ಒಳಗೆ ಎರಡು ಕಣ್ಣು ಹೊಳೆದವು.

"ನೋಡಬೇಡಿ," ಅಂದಳು ಗುಬ್ಬಿ. "ನೋಡಿದ್ರೆ ಓದಕ್ಕಾಗಲ್ಲ."

ಇನ್‌ಸ್ಪೆಕ್ಟರು ಬೆಡ್‌ಶೀಟು ಬಿಟ್ಟುಬಿಟ್ಟರು. ಆಮೆಯ ಪಾಠ ಶುರುವಾಯಿತು. ಒಂದು ಸಾಲೂ ತಪ್ಪದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಆಮೆ ನೀರು ಸೇರುವವರೆಗೂ ಆ ದನಿ ಹರಿಯಿತು. ಅಷ್ಟರಲ್ಲಿ ಬಾಗಿಲಲ್ಲಿ ಡ್ರಿಲ್ ಮಾಸ್ತರರು ಏದುಸಿರು ಬಿಡುತ್ತ ಚೌಕಟ್ಟು ಹಿಡಿದು ನಿಂತಿದ್ದರು.

"ಮೇಡಂ, ಇವನು ಸುಸ್ತಾಗಲಿಲ್ಲ. ನಾನು ಸುಸ್ತಾದೆ."

ಅವರ ಕಂಕುಳ ಸಂದಿಯಿಂದ ನುಸುಳಿ ಬಂದ ಬುಗುರಿ ಬೆಂಚುಗಳ ನಡುವೆ ನಡೆಯುತ್ತ, ಯಾರೂ ಕೇಳದಿದ್ದರೂ, ಹದಿಮೂರರ ಮಗ್ಗಿ ಹೇಳತೊಡಗಿದ. ಪಕ್ಕದ ಕೋಣೆಯಿಂದ ಐದನೇ ಕ್ಲಾಸಿನ ಮೇಡಂ ಕೂಗಿದರು: "ಲೋ, ಗೋಡೆ ಬಿಟ್ಟು ಈ ಕಡೆ ತಿರುಗೋ!"

ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಟೀಚರು ತೊದಲುತ್ತ ಎಲ್ಲವನ್ನೂ ಹೇಳಿದಳು. ಒಬ್ಬೊಬ್ಬರಿಗೆ ಒಂದೊಂದು ಥರ ಬೇಕು ಸಾರ್, ಇವಳಿಗೆ ಮರೆ ಬೇಕು, ಇವನಿಗೆ ನಡಿಗೆ ಬೇಕು, ಅವನಿಗೆ ಗೋಡೆ ಬೇಕು. ಇನ್‌ಸ್ಪೆಕ್ಟರು ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಹೊರಟುಹೋದರು. ಹೆಡ್ ಮೇಡಂ ಹೋಗುವಾಗ ನೋಡಿದ ನೋಟಕ್ಕೆ ಹಸಿ ಕಟ್ಟಿಗೆಯೂ ಹೊತ್ತಿಕೊಳ್ಳುತ್ತಿತ್ತು.

ಮಧ್ಯಾಹ್ನ ಟೀಚರು ಊಟದ ಡಬ್ಬಿ ತೆರೆದಳು, ಮುಚ್ಚಿದಳು.

"ಬೇಜಾರು ಮಾಡ್ಕೋಬೇಡಿ," ಅಂದರು ಐದನೇ ಕ್ಲಾಸಿನ ಮೇಡಂ, ಅವಳ ಡಬ್ಬಿಯನ್ನೇ ತಮ್ಮ ಕಡೆ ಎಳೆದುಕೊಳ್ಳುತ್ತ. "ನಿಮ್ಮ ಮಕ್ಕಳನ್ನ ನಾನು ಚೆನ್ನಾಗಿ ನೋಡ್ಕೋತೀನಿ. ವಾರದಲ್ಲಿ ಸರಿ ಮಾಡ್ತೀನಿ."

ಕರೆ ಬಂತು. ಹೆಡ್ ಮೇಡಂ ಕೋಣೆಯವರೆಗಿನ ಕಾರಿಡಾರು ಆವತ್ತು ಯಾರೋ ಎಳೆದು ಉದ್ದ ಮಾಡಿದಂತಿತ್ತು. ಗುಬ್ಬಿಗೆ ಏನೆಂದು ಹೇಳಿ ಹೋಗಲಿ ಎಂದು ಯೋಚಿಸುತ್ತಲೇ ಒಳಗೆ ಕಾಲಿಟ್ಟರೆ, ಹೆಡ್ ಮೇಡಂ ನಗುತ್ತಿದ್ದರು! ಆ ನಗುವನ್ನು ಕಂಡು ಅವಳಿಗೆ ಇನ್ನೂ ಹೆದರಿಕೆಯಾಯಿತು.

"ಅದ್ಭುತ ಕಣಮ್ಮಾ," ಅಂದರು ಅವರ ಎದುರು ಕೂತಿದ್ದ ಇನ್‌ಸ್ಪೆಕ್ಟರು. "ಇಷ್ಟು ವರ್ಷದ ಸರ್ವೀಸಲ್ಲಿ ಇಂಥ ಓದು ನಾನು ಕೇಳಿಲ್ಲ. ಕ್ಲಾಸು ನಿಮ್ಮ ಹತ್ರಾನೇ ಇರಲಿ."

ಟೀಚರು ಕೈ ಮುಗಿದಳು.

"ಸೋಮವಾರದಿಂದ ಎಲ್ಲಾ ಕ್ಲಾಸಲ್ಲೂ ಇದೇ ಪದ್ಧತಿ," ಅವರು ಮುಂದುವರಿಸಿದರು. "ಓದೋ ಪೀರಿಯಡ್ಡಿನಲ್ಲಿ ಎಲ್ಲಾ ಮಕ್ಕಳೂ ಬೆಂಚಿನ ಕೆಳಗೆ. ಮಗ್ಗಿ ಪೀರಿಯಡ್ಡಿನಲ್ಲಿ ಎಲ್ಲಾ ಮಕ್ಕಳೂ ನಡೀಬೇಕು. ಲೆಕ್ಕಕ್ಕೆ ಎಲ್ಲರೂ ಗೋಡೆ ಕಡೆ."

"ಸಾರ್, ಅದು... ಒಂದೊಂದು ಥರ ಒಂದೊಂದು ಮಗುಗೆ ಮಾತ್ರ ಸಾರ್. ಎಲ್ಲರಿಗೂ ಅಲ್ಲ."

"ಛೆ ಛೆ, ಭೇದಭಾವ ಮಾಡಬಾರದಮ್ಮ. ಒಬ್ಬರಿಗೆ ಒಳ್ಳೇದಾಗಿದ್ದು ಎಲ್ಲರಿಗೂ ಆಗಲಿ."

"ನಾನು ದಿನಾ ರೌಂಡ್ಸ್ ಬರ್ತೀನಿ ಸಾರ್," ಅಂದರು ಹೆಡ್ ಮೇಡಂ ಉತ್ಸಾಹದಿಂದ. ಆಮೇಲೆ ಟೀಚರ ಕಡೆ ತಿರುಗಿದರು. "ಓದೋ ಹೊತ್ತಲ್ಲಿ ಒಂದು ಮಗು ಬೆಂಚಿನ ಮೇಲೆ ಕಂಡ್ರೂ ಕ್ಲಾಸು ನಿಮ್ಮ ಕೈಯಿಂದ ಹೋಯ್ತು. ಗೊತ್ತಾಯ್ತಾ?"

ಕೊನೆಯ ಪೀರಿಯಡ್ಡಿನಲ್ಲಿಯೇ ತಾಲೀಮು. ಡ್ರಿಲ್ ಮಾಸ್ತರರು ಕಾರಿಡಾರಿನಲ್ಲಿ ಸೀಟಿ ಊದಿದರು. ಪಕ್ಕದ ಕೋಣೆಯಿಂದ, "ನನ್ನ ಮಂಡಿ ನೋವಿಗೆ ನಾನೂ ಕೆಳಗೆ ಕೂರಬೇಕಾ?" ಎಂಬ ಗೋಳು ಕೇಳಿಸಿತು. ನಾಲ್ಕನೇ ತರಗತಿಯ ಮಕ್ಕಳು ಹಿಗ್ಗಿನಿಂದ ಬೆಂಚುಗಳ ಕೆಳಗೆ ಧುಮುಕಿದರು. ಜಾಗ ಸಾಲದ ನಾಲ್ವರು ಟೀಚರ ಮೇಜಿನ ಕೆಳಗೂ ನುಗ್ಗಿದರು. ತಲೆಗೆ ತಲೆ ಬಡಿಯಿತು, ಕಾಲಿಗೆ ಕಾಲು ಸಿಕ್ಕಿತು. ಬುಗುರಿ ಬೆಂಚಿನ ಕಂಬಿಗಳ ನಡುವೆ ಸಿಕ್ಕಿಬಿದ್ದು, ಒಂದೇ ಸಮ ಕಾಲು ಕುಣಿಸುತ್ತ, ಎರಡರ ಮಗ್ಗಿಯನ್ನೂ ಮರೆತು ಕೂತ.

ಗುಬ್ಬಿ ಆ ಗುಂಪಿನಿಂದ ತೆವಳಿಕೊಂಡು ಹೊರಬಂದಳು. ಎದ್ದು ನಿಂತಳು. ತುಟಿಗಳು ಬಿಗಿದಿದ್ದವು.

ಟೀಚರು ಕೋಣೆಯನ್ನೊಮ್ಮೆ ನೋಡಿದಳು. ಎಲ್ಲ ಕಣ್ಣುಗಳೂ ಕೆಳಗೆ ಹೋಗಿದ್ದವು. ಬೆಂಚುಗಳ ಮೇಲೆ, ಮೇಜಿನ ಮೇಲೆ, ಗೋಡೆಯವರೆಗೂ ಯಾರೂ ಇಲ್ಲ. ಇಡೀ ಶಾಲೆಯಲ್ಲಿ ಈಗ ಯಾರೂ ನೋಡದ ಜಾಗವೆಂದರೆ ಟೀಚರ ಕುರ್ಚಿಯೊಂದೇ.

ಕಾರಿಡಾರಿನಲ್ಲಿ ಹೆಡ್ ಮೇಡಂ ಚಪ್ಪಲಿ ದೂರದಿಂದ ಹತ್ತಿರವಾಗುತ್ತಿತ್ತು.  ಅವಳು ಗುಬ್ಬಿಯನ್ನು ತನ್ನ ಬೆನ್ನ ಹಿಂದಕ್ಕೆ ಸರಿಸಿಕೊಂಡು ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲರೂ ಕೆಳಗಿದಾರಾ?" ಹೆಡ್ ಮೇಡಂ ಇಣುಕಿದರು.

"ಇದಾರೆ ಮೇಡಂ."

ಚಪ್ಪಲಿ ಮುಂದೆ ಹೋಯಿತು. ಟೀಚರು ತನ್ನ ಕುರ್ಚಿಯನ್ನು ಸದ್ದಾಗದಂತೆ ಎತ್ತಿ, ಬಾಗಿಲಿಗೂ ಕಿಟಕಿಗೂ ಕಾಣದ ಬೀರುವಿನ ಮರೆಗೆ ಇಟ್ಟಳು. ಸೋಮವಾರದಿಂದ ಅದರಲ್ಲಿ ಯಾರು ಕೂರುತ್ತಾರೆಂದು ಅವಳು ಯಾರಿಗೂ ಹೇಳಲಿಲ್ಲ.