ಸೋಮವಾರಪೇಟೆಯ ಮಳೆಯನ್ನು ನಾನು ಒರೆಸಿದ್ದು

ಒಂದು ವೈರು ಚುಚ್ಚುವುದು, ಒಂದು ಗುಂಡಿ ಒತ್ತುವುದು. ಇಷ್ಟೇ ಕೆಲಸ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನಾದರೂ ಪಂಪ್‌ಸೆಟ್ಟು, ಜನರೇಟರು, ಮಿಕ್ಸಿ ಎಲ್ಲವನ್ನೂ ಚುಚ್ಚಿ ಒತ್ತಿಯೇ ಬದುಕಿದವನು ನಾನು. ನನಗೆ ಇದೂ ಒಂದು ಕೆಲಸವೇ ಎಂದುಕೊಂಡು ಆ ಭಾನುವಾರ ಬೆಳಗ್ಗೆ ಮನೆಯಿಂದ ಹೊರಟೆ. ಮಧ್ಯಾಹ್ನದ ಊಟದ ಹೊತ್ತಿಗೆ ಸೋಮವಾರಪೇಟೆಯ ಸುತ್ತಮುತ್ತ ಅಷ್ಟೂ ವರ್ಷ ಬಿದ್ದಿದ್ದ ಮಳೆಯನ್ನು ಒಂದು ಹನಿಯೂ ಉಳಿಯದಂತೆ ಒರೆಸಿ ಹಾಕಿದ್ದೆ.

ಬಿದ್ದ ಮಳೆಯನ್ನು ಒರೆಸುವುದು ಹೇಗೆ ಎಂದು ನೀವು ಕೇಳಬಹುದು. ನನಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನಮ್ಮ ಕಡೆಯ ಕಾಫಿ ಬೆಳೆಗಾರರು ಬೆಳಗ್ಗೆ ಎದುರಾದರೆ ಕ್ಷೇಮ ಕೇಳುವುದಿಲ್ಲ, "ಎಷ್ಟು ಬಿತ್ತು?" ಎನ್ನುತ್ತಾರೆ. ಉತ್ತರ ಇಂಚು, ಸೆಂಟಿನಲ್ಲಿ ಬರುತ್ತದೆ; ಇಂಚಿನ ನೂರರಲ್ಲೊಂದು ಪಾಲು ನಮಗೆ ಒಂದು ಸೆಂಟು. ಒಬ್ಬರ ತೋಟಕ್ಕಿಂತ ಇನ್ನೊಬ್ಬರ ತೋಟಕ್ಕೆ ಹತ್ತು ಸೆಂಟು ಹೆಚ್ಚು ಬಿದ್ದರೆ ಹೆಚ್ಚು ಬಿದ್ದವರು ಆ ದಿನ ಸ್ವಲ್ಪ ಎದೆ ಮುಂದೆ ಮಾಡಿಕೊಂಡು ನಡೆಯುತ್ತಾರೆ. ಮಳೆಯನ್ನು ಅವರೇ ಸುರಿಸಿದ ಹಾಗೆ! ಇವರೆಲ್ಲರ ಲೆಕ್ಕ ಬಂದು ಸೇರುವುದು ನಾನು ಅಟೆಂಡರ್ ಆಗಿರುವ ಬೆಳೆಗಾರರ ಸಂಘದ ಆಫೀಸಿಗೆ.

ಆಫೀಸಿನ ಅಂಗಳದಲ್ಲೇ ಸಂಘದ ಮಳೆಮಾಪಕ ಇದೆ. ಮೇಲೆ ಒಂದು ಆಲಿಕೆ, ಒಳಗೆ ಒಂದು ಬಾಟಲಿ. ದಿನಾ ಬೆಳಗ್ಗೆ ಎಂಟು ಗಂಟೆಗೆ ಬಾಟಲಿಯ ನೀರನ್ನು ಗಾಜಿನ ಅಳತೆಗೆ ಸುರಿದು, ನೋಡಿ, ಚೆಲ್ಲಬೇಕು. ನನಗಿಂತ ಮೊದಲು ಈ ಕೆಲಸ ಮಾಡುತ್ತಿದ್ದವರು ನಮ್ಮಪ್ಪ. ಅವರು ಒಂದು ದಿನವೂ ತಪ್ಪಿಸಿದವರಲ್ಲ. ಜ್ವರ ಬಂದಾಗ ಅಮ್ಮನಿಂದ ಕೊಡೆ ಹಿಡಿಸಿಕೊಂಡು ಹೋಗಿ ಅಳೆದರು. ನನ್ನ ತಂಗಿ ಪವಿತ್ರಳ ಮದುವೆಯ ದಿನ ಗಂಡಿನ ಕಡೆಯವರು ಬಾಗಿಲಿಗೆ ಬಂದು ನಿಂತಾಗ ಹೆಣ್ಣಿನ ತಂದೆ ಕಾಣಿಸಲಿಲ್ಲ. ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಆಫೀಸಿನ ಅಂಗಳದಲ್ಲಿ ಬಾಟಲಿ ಬಗ್ಗಿಸುತ್ತಿದ್ದರು.

ಅಪ್ಪನ ನಂತರ ಬಾಟಲಿ ನನಗೆ ಬಂತು, ಬುದ್ಧಿ ತಂಗಿಗೆ ಹೋಯಿತು. ಅವಳು ಓದಿದಳು, ಅದೇ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಅಪ್ಪ ಅಳೆದ ಮಳೆಯನ್ನೆಲ್ಲ ಒಂದೊಂದೇ ದಿನದಂತೆ ಕೂತು ಟೈಪು ಮಾಡಿ ಸರ್ವರಿಗೆ ಹಾಕಿದಳು. ಹಳೆಯ ಪುಸ್ತಕಗಳನ್ನು ಆಮೇಲೆ ಗೆದ್ದಲು ತಿಂದಿತು. ಅಪ್ಪ ಭೂಮಿಯ ಮೇಲೆ ಬಿಟ್ಟುಹೋದದ್ದು ನಮ್ಮಿಬ್ಬರನ್ನು ಬಿಟ್ಟರೆ ಈಗ ಆ ಪೆಟ್ಟಿಗೆಯೊಳಗೆ ಮಾತ್ರ ಇತ್ತು.

ಆ ಪೆಟ್ಟಿಗೆಯನ್ನು ಕಂಡರೆ ನನಗೆ ಭಯಭಕ್ತಿ. ಮೊದಲು ಮೆಣಸಿನ ಮೂಟೆ ಇಡುತ್ತಿದ್ದ ಕೋಣೆಯಲ್ಲಿ ಅದನ್ನು ಕೂರಿಸಿದ್ದಾರೆ. ಅದಕ್ಕೆಂದೇ ಏಸಿ. ಒಳಗೆ ಹೋದರೆ ಬೇಸಿಗೆಯಲ್ಲೂ ಮೈ ಜುಂ ಎನ್ನುವ ತಂಪು, ಕತ್ತಲಲ್ಲಿ ಮಿನುಗುವ ನೀಲಿ ದೀಪಗಳು, ಒಂದೇ ಸಮನೆ ಓಂಕಾರದಂಥ ಸದ್ದು. ನಾನು ಬಾಗಿಲಲ್ಲೇ ಚಪ್ಪಲಿ ಬಿಡುತ್ತಿದ್ದೆ. ಬಿಡು ಎಂದು ಯಾರೂ ಹೇಳಿರಲಿಲ್ಲ. ನನ್ನನ್ನು ನೋಡಿ ಸಂಘದ ಅಧ್ಯಕ್ಷರೂ ಬಿಡತೊಡಗಿದರು.

ಈ ಸರ್ವರಿನ ಸಾಫ್ಟ್‌ವೇರ್ ಹಳತಾಯಿತು, ಹೊಸದು ಹಾಕಬೇಕು ಎಂದಾಯಿತು. ಮೈಸೂರಿನಲ್ಲಿ ಕೂತ ಟೆಕ್ನಿಷಿಯನ್ ಒಬ್ಬರು ಅಲ್ಲಿಂದಲೇ ಹಾಕುತ್ತಾರಂತೆ. ಅದಕ್ಕೆ ರಜಾದಿನವೇ ಆಗಬೇಕು. ಅವರು ಕೊಟ್ಟ ಭಾನುವಾರ ಪವಿತ್ರಳ ನಾದಿನಿಯ ಮದುವೆ, ಅದೂ ಭಾಗಮಂಡಲದಲ್ಲಿ. ಆ ಮಳೆಯಲ್ಲಿ ಅಲ್ಲಿ ಫೋನು ಸಿಕ್ಕುವುದಿಲ್ಲ. ಹಾಗಾಗಿ ಚುಚ್ಚಿ ಒತ್ತುವ ಕೆಲಸ ನನಗೆ ಬಂತು. ಶನಿವಾರ ನಮ್ಮ ಮನೆಗೆ ಬಂದು ನನ್ನನ್ನು ಎದುರು ಕೂರಿಸಿಕೊಂಡು ಹೇಳಿದಳು.

"ಅಣ್ಣ, ಮೊದ್ಲು ಬ್ಯಾಕಪ್. ಸರ್ವರಲ್ಲಿರೋದನ್ನೆಲ್ಲ ಈ ಡಿಸ್ಕಿಗೆ ಇಳಿಸ್ಕೊ. ಅದಾದ್ಮೇಲೆ ಮೈಸೂರೋರಿಗೆ ಶುರು ಮಾಡಿ ಅನ್ನು. ಹೇಳು ನೋಡಾಣ."

"ಮೊದ್ಲು ಬ್ಯಾಕಪ್, ಆಮೇಲೆ ಅಪ್‌ಗ್ರೇಡು," ಎಂದೆ.

"ಇನ್ನೊಂದ್ಸಲ."

ಇನ್ನೊಂದು ಸಲವೂ ಹೇಳಿದೆ. ನನ್ನ ಹೆಂಡತಿ ಶಾರದ ಒಲೆಯ ಹತ್ತಿರ ನಿಂತು ನಗುತ್ತಿದ್ದಳು. ತಂಗಿ ಹೊರಡುವಾಗ ಶಾರದಳ ಕೈಗೆ ಏನೋ ಪೊಟ್ಟಣ ಕೊಟ್ಟು ಕಿವಿಯಲ್ಲಿ ಏನೋ ಹೇಳಿದಳು. ಹೆಂಗಸರ ವಿಷಯ ಎಂದು ನಾನು ಆ ಕಡೆ ನೋಡಲಿಲ್ಲ.

ಭಾನುವಾರ ಬೆಳಗ್ಗೆ ತಲೆಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಡಿಸ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎದೆಗವಚಿಕೊಂಡು ಹೊರಟೆ. ಮಳೆ ಹೊಯ್ಯುತ್ತಿತ್ತು. ಡಿಸ್ಕ್ ಒದ್ದೆಯಾಗಬಾರದೆಂದು ಅಂಗಳವನ್ನು ಒಂದೇ ಓಟದಲ್ಲಿ ದಾಟಿ ಸೀದಾ ಸರ್ವರ್ ಕೋಣೆ ಸೇರಿದೆ. ಚಪ್ಪಲಿ ಬಿಟ್ಟೆ. ಕೈ ಮುಗಿದೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು, ಅಥವಾ ಹಾಗೆಂದು ನನಗನ್ನಿಸಿತ್ತು.

ಆಮೇಲೆ ನಾನು ಯೋಚನೆ ಮಾಡಿದೆ.

ಹೇಳಿದ್ದನ್ನು ಮಾಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಕಾಫಿ ತೋಟದಲ್ಲಿ ಬೆಳೆದ ತಲೆ ನನ್ನದು. ನಮ್ಮಲ್ಲಿ ಮೊದಲು ಹೂ ಮಳೆ ಬರಬೇಕು, ಗಿಡ ಬೆಳ್ಳಗೆ ಅರಳಬೇಕು. ಆ ಹೂವು ಕಾಯಿ ಕಚ್ಚಿ ನಿಲ್ಲಲು ಕೆಲವು ದಿನ ಬಿಟ್ಟು ಎರಡನೇ ಮಳೆ ಬರಬೇಕು. ಕಾಪಾಡುವ ಮಳೆ ಯಾವಾಗಲೂ ಎರಡನೆಯದು. ಹೂವೇ ಇಲ್ಲದ ಗಿಡಕ್ಕೆ ಮೊದಲೇ ಸುರಿದು ಏನು ಪ್ರಯೋಜನ? ಸರ್ವರ್ ಮೊದಲು ಹೊಸದಾಗಿ ಅರಳಲಿ. ಆಮೇಲೆ ಆ ಹೊಸದನ್ನೇ ಡಿಸ್ಕಿಗೆ ತುಂಬಿ ಕಾಪಾಡೋಣ. ಹಳೇದನ್ನು ಯಾಕೆ ತುಂಬುವುದು? ಪಾಪ, ತಂಗಿಗೆ ಓದಿನ ಗಡಿಬಿಡಿಯಲ್ಲಿ ತೋಟದ ಅನುಭವ ಕಡಿಮೆ ಎಂದು ಮರುಕವೂ ಆಯಿತು.

ಫೋನು ಬಂತು. "ಬ್ಯಾಕಪ್ ಆಯ್ತಾ ಅಣ್ಣ?" ಎಂದರು ಮೈಸೂರಿನವರು.

"ಆಯ್ತು ಅಂತ್ಲೇ ಇಟ್ಕೊಳಿ," ಎಂದೆ.

ಅವರು ಹಾಗೆಯೇ ಇಟ್ಟುಕೊಂಡರು.

ಮುಂದೆ ನಡೆದದ್ದನ್ನು ಬಾಯಿ ಬಿಟ್ಟುಕೊಂಡು ನೋಡಿದೆ. ಯಾರೂ ಮುಟ್ಟದೆ ಪರದೆಯ ಮೇಲೆ ಬಾಣ ಓಡಾಡಿತು. ಅಕ್ಷರಗಳು ಜಲಪಾತದ ಹಾಗೆ ಇಳಿದವು. ನೀಲಿ ದೀಪಗಳು ಆರಿ ಕೋಣೆ ಮೌನವಾಯಿತು, ಮತ್ತೆ ಒಂದೊಂದಾಗಿ ಹೊತ್ತಿಕೊಂಡವು. ಸತ್ತು ಹುಟ್ಟುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಕೊನೆಗೆ ಹೊಸ ಪರದೆ ಬಂತು. ಎಷ್ಟು ಬೆಳ್ಳಗೆ, ಎಷ್ಟು ಶುಭ್ರವಾಗಿ! ತೋಟ ಪೂರ್ತಿ ಹೂವಾದ ಹಾಗಿತ್ತು.

ಈಗ ಎರಡನೇ ಮಳೆಯ ಸಮಯ. ಡಿಸ್ಕ್ ಚುಚ್ಚಿದೆ. ಅದರಲ್ಲಿ ತಂಗಿ ಹಿಂದಿನ ತಿಂಗಳು ಇಳಿಸಿಟ್ಟದ್ದೊಂದು ಇತ್ತು. ಹಳೆಯದನ್ನು ತೆಗೆದು ಹೊಸದನ್ನು ಹಾಕಲೇ ಎಂದು ಕಂಪ್ಯೂಟರ್ ವಿನಯದಿಂದ ಕೇಳಿತು. ಹಾಕಪ್ಪ ಎಂದು ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದೇಹೋಯಿತು. ಅಷ್ಟು ವರ್ಷದ ಮಳೆಯನ್ನು ಅಷ್ಟು ಬೇಗ ಇಳಿಸಿದ ಹೊಸ ಸಾಫ್ಟ್‌ವೇರಿನ ಶಕ್ತಿಗೆ ತಲೆದೂಗಿದೆ.

ಅಪ್ಪನ ಕಾಲದ್ದೊಂದು ದಿನ ನೋಡೋಣ ಎಂದು ಮಳೆಯ ಪಟ್ಟಿ ತೆಗೆದೆ. ಸೊನ್ನೆ. ಮುಂದಿನ ವರ್ಷ ನೋಡಿದೆ. ಸೊನ್ನೆ. ಹಿಂದಿನ ವಾರ ನಾನೇ ಅಳೆದದ್ದು ನೋಡಿದೆ. ಅದೂ ಸೊನ್ನೆ! ಹೊಸ ಸರ್ವರಿನ ಪ್ರಕಾರ ಸೋಮವಾರಪೇಟೆಯಲ್ಲಿ ಭೂಮಿ ಹುಟ್ಟಿದ ಮೇಲೆ ಮಳೆಯೇ ಬಿದ್ದಿರಲಿಲ್ಲ. ತಲೆಯ ಮೇಲೆ ಶೀಟು ಕಿತ್ತುಹೋಗುವ ಹಾಗೆ ಮಳೆ ಬಡಿಯುತ್ತಿತ್ತು.

ಮೈಸೂರಿಗೆ ಫೋನು ಮಾಡಿದೆ. ಅವರು ಗಾಬರಿಯಾಗಲಿಲ್ಲ. ಹೊಸದು ಖಾಲಿಯಾಗಿಯೇ ಏಳುವುದು, ಬ್ಯಾಕಪ್ ಡಿಸ್ಕಿನಿಂದ ತುಂಬಿಕೊಂಡರಾಯಿತು, ಅದಕ್ಕೇ ಮೊದಲು ತೆಗೆಯಿರಿ ಎನ್ನುವುದು ಎಂದರು. ಆಮೇಲೆ, "ತೆಗ್ದಿದೀರಲ್ಲ ಅಣ್ಣ?" ಎಂದರು.

ಡಿಸ್ಕಿನಲ್ಲಿ ಖಾಲಿಯನ್ನು ಭದ್ರವಾಗಿ ತೆಗೆದಿಟ್ಟಿದ್ದೆ. ಅದನ್ನು ಹೇಳಲಾರದೆ, ಮಳೆಗೆ ಲೈನು ಸರಿಯಿಲ್ಲ ಎಂದು ಫೋನು ಇಟ್ಟೆ.

ಊಟಕ್ಕೆ ಮನೆಗೆ ಹೋದರೆ ಶಾರದ, "ಆಯ್ತೇನ್ರೀ?" ಎಂದಳು. ಆಯಿತು ಎಂದೆ. ಮುಖ ಯಾಕೆ ಹಾಗಿದೆ ಎಂದಳು. ಏಸಿ ತಂಪು ಎಂದೆ. ಏನಾದರೂ ಎಡವಟ್ಟಾಗಿದ್ದರೆ ಹೇಳಿ ಎಂದಳು. ಗಂಡಸಿನ ಮರ್ಯಾದೆ ಎಂಬುದೊಂದು ಇದೆಯಲ್ಲ. ಎಲ್ಲ ಸಾಂಗವಾಗಿ ನೆರವೇರಿತು ಎಂದು ಗ್ರಂಥದ ಭಾಷೆಯಲ್ಲಿ ಹೇಳಿ ಎರಡನೇ ಸಲ ಅನ್ನ ಬಡಿಸಿಕೊಂಡೆ.

ಮತ್ತೆ ಆಫೀಸಿಗೆ ಹೋಗಿ, ಕಳೆದ ಮಳೆಯನ್ನು ಜನರ ನೆನಪಿನಿಂದಲೇ ವಾಪಸು ತುಂಬಿಬಿಡೋಣ ಎಂದು ನಿರ್ಧರಿಸಿದೆ. ಇದು ಆ ದಿನದ ನನ್ನ ಎರಡನೇ ಯೋಚನೆ. ಹತ್ತಿರದಲ್ಲೇ ಇರುವ ಹಿರಿಯ ಬೆಳೆಗಾರ ಮಲ್ಲೇಶಣ್ಣನನ್ನು ಕರೆದೆ. ಹಳೇ ಮಳೆಗಳ ನೆನಪು ಎಷ್ಟಿದೆ, ಸುಮ್ಮನೆ ಒಂದು ವಿಚಾರಣೆ ಎಂದೆ. ಕೊಡೆ ಮಡಿಸುತ್ತಲೇ ಅವರು ಶುರು ಮಾಡಿದರು. ನಾನು ಬೆರಗಾಗಿ ಕೂತೆ. ಅವರಿಗೆ ತಾರೀಖು ಬೇಕಿರಲಿಲ್ಲ. ಮಗಳು ಹುಟ್ಟಿದ ದಿನದ ಮಳೆ, ಹಸು ಕೊಚ್ಚಿಹೋದ ಮಳೆ, ಹೂವಿಗೆ ಮೊದಲೇ ಬಂದು ಬೆಳೆ ಕೆಡಿಸಿದ ಮಳೆ, ಒಂದೊಂದಕ್ಕೂ ಒಂದೊಂದು ಮುಖ ಇತ್ತು.

ತೊಂದರೆ ಆದದ್ದು ತೊರೆಯಾಚೆಯ ತೋಟದ ಬೋಪಯ್ಯನವರು ದೀಪ ಕಂಡು ಒಳಗೆ ಬಂದಾಗ. ಸೇತುವೆ ಕೊಚ್ಚಿಹೋದ ವರ್ಷ ಮಲ್ಲೇಶಣ್ಣ ತಮ್ಮಲ್ಲಿ ಒಂದೇ ದಿನ ಎಂಟು ಇಂಚು ಎಂದಿದ್ದರು.

"ಎಂತ ಮಾರಾಯ ಎಂಟು? ಸೇತುವೆ ಹೋದದ್ದು ನಮ್ಮ ಕಡೆ ನೀರಿಗೆ. ನಮ್ಮಲ್ಲಿ ಒಂಬತ್ತೂವರೆ," ಎಂದರು ಬೋಪಯ್ಯ.

"ಜಗ್ಗ, ನಂದು ಹತ್ತು ಮಾಡ್ಲಾ," ಎಂದರು ಮಲ್ಲೇಶಣ್ಣ ನನ್ನ ಕಡೆ ತಿರುಗಿ. "ಆವತ್ತು ಬಾಟ್ಲಿ ತುಂಬಿ ಚೆಲ್ಲಿತ್ತು. ಚೆಲ್ಲಿದ್ನೂ ಸೇರಿಸ್ಕೊ."

ಮೀನು ಮಾರ್ಕೆಟ್ಟಿನಲ್ಲೂ ಅಂಥ ಹರಾಜು ನಡೆದಿರಲಾರದು. ನಾನು ಹತ್ತು ಹಾಕಿದೆ, ಬೋಪಯ್ಯ ತಮ್ಮದು ಹನ್ನೊಂದೆಂದರು, ಅದನ್ನೂ ಹಾಕಿದೆ. ಕತ್ತಲಾಗುವ ಹೊತ್ತಿಗೆ ಆ ಒಂದು ವರ್ಷದ ಮಳೆಯಲ್ಲೇ ಸೋಮವಾರಪೇಟೆ, ಬಸ್ ಸ್ಟ್ಯಾಂಡ್ ಸಮೇತ, ಪೂರ್ತಿ ಮುಳುಗಿತ್ತು. ಅಪ್ಪನ ಮಳೆಯ ಒಂದು ಸೆಂಟೂ ವಾಪಸು ಬಂದಿರಲಿಲ್ಲ. ಅಳತೆಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉಸಿರು ಕಟ್ಟಿ ನೋಡುತ್ತಿದ್ದ ಅವರ ಮುಖ ನೆನಪಾಗಿ, ಕಂಪ್ಯೂಟರ್ ಆರಿಸಿಬಿಟ್ಟೆ.

ಸೋಮವಾರ ಬೆಳಕು ಹರಿಯುತ್ತಲೇ ಪವಿತ್ರ ಮದುವೆಯ ಹೋಳಿಗೆ ಹಿಡಿದುಕೊಂಡು ಸೀದಾ ನಮ್ಮ ಮನೆಗೇ ಬಂದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಹೂ ಮಳೆಯನ್ನೂ ಬಿಡಲಿಲ್ಲ. "ಅಪ್ಪನ ಮಳೆಯೆಲ್ಲ ಕಳೆದ್ಬಿಟ್ಟೆ ಪವಿ," ಎಂದೆ.

ಅವಳು ಬೈಯಲಿಲ್ಲ. ನನ್ನ ಹೆಂಡತಿಯ ಕಡೆ ತಿರುಗಿ, "ಅತ್ಗೆ, ಅದನ್ನ ತೆಗೀರಿ," ಎಂದಳು.

ಶಾರದ ಅಕ್ಕಿ ಡಬ್ಬದೊಳಗೆ ಮೊಣಕೈವರೆಗೆ ಕೈ ಹಾಕಿದಳು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಇನ್ನೊಂದು ಡಿಸ್ಕ್ ಹೊರಗೆ ಬಂತು. ಶನಿವಾರ ಸಂಜೆ ಆಫೀಸು ಮುಚ್ಚುವ ಮುಂಚೆ ತಂಗಿ ತಾನೇ ಎಲ್ಲವನ್ನೂ ಇಳಿಸಿ, ಥಂಡಿ ಹಿಡಿಯದಿರಲೆಂದು ಅಕ್ಕಿಯಲ್ಲಿ ಇಡಿಸಿದ್ದಳು. ನಾನು ಹಿಂದಿನ ದಿನ ಮಧ್ಯಾಹ್ನ ಎರಡನೇ ಸಲ ಬಡಿಸಿಕೊಂಡ ಅನ್ನ ಆ ಡಿಸ್ಕಿನ ಮೇಲಿನ ಅಕ್ಕಿಯದು.

"ನಿಂಗೆ ಗೊತ್ತಿತ್ತಾ?" ಎಂದೆ ಹೆಂಡತಿಗೆ.

"ಅಣ್ಣ ಎಡವಟ್ಟಾಯ್ತು ಅಂದ್ರೆ ಮಾತ್ರ ಕೊಡಿ ಅಂದಿದ್ಲು," ಎಂದಳು ಶಾರದ. "ನೀವು ಸಾಂಗವಾಗಿ ನೆರವೇರಿತು ಅಂದ್ರಲ್ಲ."

ಆಫೀಸಿಗೆ ಹೋದೆವು. ತಂಗಿ ಡಿಸ್ಕ್ ಚುಚ್ಚಿ ಒತ್ತಿದಳು. ಮಳೆ ವಾಪಸು ಬರತೊಡಗಿತು. ವರ್ಷದ ಮೇಲೆ ವರ್ಷ, ಆಷಾಢದ ಮೇಲೆ ಆಷಾಢ. ಅಪ್ಪನ ಜ್ವರದ ದಿನದ ಮಳೆ ಬಂತು, ತಂಗಿಯ ಮದುವೆಯ ಬೆಳಗಿನ ತುಂತುರೂ ಬಂತು. ನಾನು ಚಪ್ಪಲಿ ಬಿಟ್ಟಿದ್ದ ಕಾಲಲ್ಲೇ ನಿಂತು ಕಣ್ಣು ಒರೆಸಿಕೊಂಡೆ. ಮಲ್ಲೇಶಣ್ಣನ ಹತ್ತು ಇಂಚು ಹೋಗಿ ಮೊದಲಿನ ಆರು ಇಂಚೇ ಬಂದು ಕೂತಿತು. ಅವರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಎಲ್ಲ ದಿನಗಳೂ ಸಾಲಾಗಿ ಭರ್ತಿಯಾಗಿ ನಿಂತವು. ಪಟ್ಟಿಯ ಕೊನೆಯಲ್ಲಿ ಒಂದು ಮನೆ ಮಾತ್ರ ಕೆಂಪಗೆ ಮಿನುಗುತ್ತಿತ್ತು. ಭಾನುವಾರದ್ದು.

"ಅಣ್ಣ, ನಿನ್ನೆ ಎಷ್ಟು ಬಿತ್ತು?" ಎಂದಳು ತಂಗಿ.

ಡಿಸ್ಕ್ ಅವಚಿಕೊಂಡು ಅಂಗಳ ಓಡಿ ದಾಟಿದವನು ಬಾಟಲಿಯ ಕಡೆ ತಿರುಗಿಯೂ ನೋಡಿರಲಿಲ್ಲ. ಹೊರಗೆ ಓಡಿದೆ. ಮಳೆಮಾಪಕದ ಬಾಟಲಿ ತುಂಬಿ ಹೊರಗೆ ಹರಿಯುತ್ತಿತ್ತು. ಎರಡು ದಿನದ ಮಳೆ ಒಂದರೊಳಗೊಂದು ಬೆರೆತಿತ್ತು. ಮೈಸೂರಿನಿಂದಲ್ಲ, ಅಮೆರಿಕದಿಂದ ಯಾರನ್ನು ಕರೆಸಿದರೂ ಅದನ್ನು ಬೇರೆ ಮಾಡಿಕೊಡಲಾರರು. ಅಳೆಯದ ಮಳೆಗೆ ಬ್ಯಾಕಪ್ ಇಲ್ಲ.

ಅಪ್ಪ ಜ್ವರದಲ್ಲೂ ತಪ್ಪಿಸದ ಲೆಕ್ಕ. ಮಗಳ ಮದುವೆಯಲ್ಲೂ ತಪ್ಪಿಸದ ಲೆಕ್ಕ. ಅದನ್ನು ಕಾಪಾಡುವ ಭರದಲ್ಲಿ ನಾನು ತಪ್ಪಿಸಿದ್ದೆ.

ತಂಗಿ ಆ ಕೆಂಪು ಮನೆಯನ್ನು ಒತ್ತಿದಳು. ಖಾಲಿ ಬಿಡುವ ಹಾಗಿಲ್ಲ, ಕಾರಣ ಬರೆಯಲೇಬೇಕಂತೆ. ಟಪಟಪನೆ ಬರೆದಳು. ಬಗ್ಗಿ ಓದಿದೆ: "ಮಳೆ ಅಳೆಯುವವರು ಬ್ಯಾಕಪ್ ತೆಗೆಯುತ್ತಿದ್ದರು."

ಆಮೇಲೆ ಪದ್ಧತಿಯಂತೆ ಎಲ್ಲವನ್ನೂ ಎರಡು ಡಿಸ್ಕಿಗೆ ಇಳಿಸಿದಳು. ನನ್ನ ಆ ಒಂದು ಸಾಲು ಇನ್ನು ಯಾವ ಕಾಲಕ್ಕೂ ಅಳಿಯುವುದಿಲ್ಲ. ಒಂದು ಪ್ರತಿ ಆಫೀಸಿನ ಬೀರುವಿನಲ್ಲಿದೆ. ಇನ್ನೊಂದರ ಮೇಲಿನ ಅಕ್ಕಿಯನ್ನು ನಾನು ದಿನಾ ಎರಡು ಹೊತ್ತು ಉಣ್ಣುತ್ತಿದ್ದೇನೆ.