ಡಬ್ಬಿಯಲ್ಲಿ ಬಂದ ಕಿರೀಟ

ಬೆಳಿಗ್ಗೆ ಹಿತ್ತಲಲ್ಲಿ ಊಟದ ಡಬ್ಬಿ ತೊಳೆಯಲು ಕೂತ ಹೆಂಡತಿ, ಅದರೊಳಗಿನ ಚಮಚವನ್ನು ಬೆಳಕಿಗೆ ಹಿಡಿದು ಕೇಳಿದಳು: "ಇದನ್ನ ಯಾರು ಕೊಟ್ಟಿದ್ದು?"

ಉಜ್ಜಪ್ಪ ನೋಡಿದ. ಚಮಚದ ಹಿಡಿಯ ಮೇಲೊಂದು ಪುಟ್ಟ ಕಿರೀಟ ಕೂತಿತ್ತು. ಅವನ ಜೀವ ಬಾಯಿಗೆ ಬಂತು.

ಮ್ಯೂಸಿಯಂ ಆಗಿರುವ ಹಳೆಯ ಅರಮನೆಯಲ್ಲಿ ರಾಜಮನೆತನದ ಬೆಳ್ಳಿ ತಟ್ಟೆ, ಬಟ್ಟಲು, ಚಮಚಗಳನ್ನು ಉಜ್ಜುವುದು ಅವನ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಕೈಗೆ ಸಿಕ್ಕಿದ್ದನ್ನೆಲ್ಲ ಉಜ್ಜುವ ಚಾಳಿ ಬೇರೆ. ನಿನ್ನೆ ಬೆಳ್ಳಿ ಹರಡಿದ ಮೇಜಿನ ಮೇಲೇ ಉಂಡು, ತನ್ನ ಸ್ಟೀಲ್ ಚಮಚವನ್ನೂ ರಾಜರದ್ದರ ಜೊತೆ ಫಳಫಳ ಉಜ್ಜಿದ್ದ. ಆಮೇಲೆ ತನ್ನದನ್ನು ಪೆಟ್ಟಿಗೆಯ ಮಖಮಲ್ಲಿನ ಮೇಲೆ ಮಲಗಿಸಿ, ರಾಜರದ್ದನ್ನು ಡಬ್ಬಿಗೆ ತುರುಕಿಕೊಂಡು ಮನೆಗೆ ಬಂದಿದ್ದ ಪುಣ್ಯಾತ್ಮ!

"ಅದಲುಬದಲಾಗಿದೆ ಕಣೇ. ಈಗಲೇ ಹೋಗಿ ಇಟ್ಟುಬಿಡ್ತೀನಿ."

"ಇಡೋವಾಗ ಸಿಕ್ಕಿಬಿದ್ರೆ? ಕೆಲಸ ಹೋಗುತ್ತೆ, ಮಾನಾನೂ ಹೋಗುತ್ತೆ," ಎಂದಳು ಅವಳು. ಅವಳ ಕಣ್ಣಲ್ಲಿ ನೀರಿತ್ತು, ಅದರ ಹಿಂದೆ ಸ್ವಲ್ಪ ಅನುಮಾನವೂ ಇತ್ತು.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಪೊಲೀಸಪ್ಪ ಕಾಂಪೌಂಡಿನ ಮೇಲೆ ಕತ್ತು ಚಾಚಿದ. "ಏನಮ್ಮಾ, ಬೆಳಿಗ್ಗೆ ಬೆಳಿಗ್ಗೆ ಏನೋ ಮಿಂಚ್ತಾ ಇದೆ?"

"ಬಿಸಿಲು!" ಎಂದ ಉಜ್ಜಪ್ಪ.

"ಮೋಡ ಕವಿದಿದೆಯಲ್ಲಯ್ಯಾ," ಎಂದು ಪೊಲೀಸಪ್ಪ ಹುಬ್ಬೇರಿಸಿದ.

ಚಮಚವನ್ನು ಕಾಲುಚೀಲದೊಳಗೆ ಇಳಿಸಿಕೊಂಡು ಉಜ್ಜಪ್ಪ ಕುಂಟುತ್ತಾ ಕೆಲಸಕ್ಕೆ ಹೊರಟ.

ಬಾಗಿಲಲ್ಲೇ ಕಾವಲುಗಾರ ತಡೆದ. ತನ್ನ ನೆರಳನ್ನೂ ನಂಬದ ಆಸಾಮಿ ಅವನು. "ಕಾಲಿಗೇನಾಯ್ತು?"

"ಉಳುಕಿದೆ."

"ಯಾವ ಕಾಲು?"

ಉಜ್ಜಪ್ಪ ಗಾಬರಿಯಲ್ಲಿ ಚಮಚವಿಲ್ಲದ ಕಾಲನ್ನು ತೋರಿಸಿದ. ಕಾವಲುಗಾರ ಒಳ್ಳೆ ಕಾಲನ್ನೂ ಕುಂಟುವ ಕಾಲನ್ನೂ ನೋಡಿ, "ಹೂಂ" ಎಂದು ಅವನ ಹಿಂದೆಯೇ ಹೆಜ್ಜೆ ಹಾಕಿದ.

ಒಳಗೆ ಇನ್ನೊಂದು ಗ್ರಹಚಾರ ಕಾದಿತ್ತು. ವರ್ಷಕ್ಕೊಮ್ಮೆ ಸಾಮಾನು ಎಣಿಸಲು ಬರುವ ತಪಾಸಣೆಯವರು ಪೆಟ್ಟಿಗೆ ತೆರೆಸಿ ಕೂತಿದ್ದರು. ಪಕ್ಕದಲ್ಲಿ ಮ್ಯೂಸಿಯಂ ಸಾಹೇಬರು, ಯಾರೋ ಬಿಸಾಡಿದ ಪೆನ್ಸಿಲ್ ತುಂಡನ್ನೂ ಜೇಬಿಗೆ ಸೇರಿಸುವ ಮಹಾನುಭಾವರು, ಚಹಾಕ್ಕೆ ಕಾಯುತ್ತಿದ್ದರು.

ಉಜ್ಜಪ್ಪ ಒರೆಸುವ ನೆಪದಲ್ಲಿ ಪೆಟ್ಟಿಗೆಯ ಮೇಲೆ ಬಾಗಿದ. ಅವನ ಸ್ಟೀಲ್ ಚಮಚ ಅಲ್ಲಿರಲಿಲ್ಲ! ಇದ್ದ ಚಮಚಗಳಿಗೆಲ್ಲ ಕಿರೀಟವಿತ್ತು, ಒಂದು ಜಾಗವೂ ಖಾಲಿಯಿರಲಿಲ್ಲ. ಹಾಗಾದರೆ ಕಾಲುಚೀಲದಲ್ಲಿರುವುದು ಯಾರದು? ತಲೆ ಗಿರ್ರೆಂದಿತು. ಇರಲಿ, ಎಲ್ಲಾದರೂ ಸಂದಿಯಲ್ಲಿ ಸೇರಿಸಿಬಿಡೋಣವೆಂದು ಕಾಲಿನತ್ತ ಕೈ ಇಳಿಸಿದ್ದೇ ತಡ, ಕಾವಲುಗಾರ ಮಣಿಕಟ್ಟು ಹಿಡಿದ.

"ಬಿಚ್ಚು ಕಾಲುಚೀಲ!"

ಠಣ್! ಚಮಚ ನೆಲಕ್ಕೆ ಬಿತ್ತು.

ತಪಾಸಣೆಯವರು ಎಣಿಸಿದರು. "ಪೆಟ್ಟಿಗೆ ಸರಿಯಾಗಿದೆ. ಇದೊಂದು ಹೆಚ್ಚಿಗೆ. ಹೆಚ್ಚಾಗೋದು ಹೇಗ್ರೀ?" ಅವರು ಒಂದು ಕೈಯಲ್ಲಿ ಆ ಚಮಚ, ಇನ್ನೊಂದರಲ್ಲಿ ಪೆಟ್ಟಿಗೆಯದ್ದು ಹಿಡಿದು ತೂಗಿದರು. ಚೀಲದಿಂದ ಒರೆಗಲ್ಲು ತೆಗೆದು ತಿಕ್ಕಿದರು. ತಟ್ಟೆಗಳನ್ನೂ ತಿಕ್ಕಿದರು. ಅವರ ಮುಖ ಕಪ್ಪಿಟ್ಟಿತು.

"ಪೆಟ್ಟಿಗೇಲಿರೋದೆಲ್ಲ ಹಿತ್ತಾಳೆ! ಮೇಲೆ ಬರೀ ಬೆಳ್ಳಿ ನೀರು. ಅಸಲಿ ಅಂತ ಉಳಿದಿರೋದು ಇವನ ಕಾಲುಚೀಲದ್ದು ಒಂದೇ!"

"ಅಯ್ಯೋ, ಉಂಡ ಮನೆ ಜಂತೆ ಎಣಿಸಿದೆಯಲ್ಲೋ!" ಎಂದು ಹಲುಬಿದರು ಸಾಹೇಬರು. ಅಷ್ಟರಲ್ಲಿ ಚಹಾ ಬಂತು. ದುಃಖದಲ್ಲೂ ಸಕ್ಕರೆ ಮರೆಯದೆ, ಜೇಬಿನಿಂದ ಚಮಚ ತೆಗೆದು ಕಲಕತೊಡಗಿದರು.

ಉಜ್ಜಪ್ಪನ ಕಣ್ಣು ಆ ಚಮಚದ ಮೇಲೆ ನೆಟ್ಟಿತು. ಸ್ಟೀಲಿನದು. ಮನೆಯಲ್ಲಿ ಡಬ್ಬಿಗಳ ಮುಚ್ಚಳ ಮೀಟಿ ಮೀಟಿ ಅದರ ತುದಿ ಸೊಟ್ಟಗಾಗಿತ್ತು. ನಿನ್ನೆ ಸಂಜೆ ಅವನೇ ಪೆಟ್ಟಿಗೆಯಲ್ಲಿ ಮಲಗಿಸಿದ್ದ ಚಮಚ! ಅಂದರೆ, ಅವನು ಮನೆಗೆ ಹೋದ ಮೇಲೆ ಬೆಳ್ಳಿಯನ್ನೆಲ್ಲ ಬಾಚಿಕೊಂಡು ಹಿತ್ತಾಳೆ ಜೋಡಿಸಿದ ಕೈ ಯಾವುದು? ಬೆಳ್ಳಿಯ ಜೊತೆ ಸಿಕ್ಕ ಸ್ಟೀಲನ್ನೂ ಬಿಡಲು ಮನಸ್ಸಾಗದ ಜಿಪುಣ ಕೈ!

"ಅದು ನನ್ನ ಚಮಚ!" ಎಂದು ಕಿರುಚಿದ. "ನಿನ್ನೆ ಅದು ರಾಜರ ಪೆಟ್ಟಿಗೇಲಿತ್ತು ಸ್ವಾಮಿ! ಕದ್ದೋರು ಇವ್ರೇ!"

"ರಾಜರ ಪೆಟ್ಟಿಗೇಲಿ ಸ್ಟೀಲ್ ಚಮಚ ಇಟ್ಟೋರು ಯಾರಪ್ಪಾ?" ಎಂದು ಮೆಲ್ಲಗೆ ಕೇಳಿದರು ತಪಾಸಣೆಯವರು.

"ನಾನೇ!"

"ಆ ಜಾಗದಲ್ಲಿದ್ದ ಬೆಳ್ಳೀದು?"

"ಅದು... ನಮ್ಮನೇಗೆ..." ಎಂದ ಉಜ್ಜಪ್ಪ, ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

"ಬರ್ಕೊಳ್ರಿ, ತಪ್ಪೊಪ್ಪಿಕೊಂಡ," ಎಂದರು ತಪಾಸಣೆಯವರು. ಕಾವಲುಗಾರ ಅವನ ಇನ್ನೊಂದು ಮಣಿಕಟ್ಟನ್ನೂ ಹಿಡಿದ.

ಸಾಹೇಬರು ನಿಟ್ಟುಸಿರು ಬಿಟ್ಟು, ಚಮಚವನ್ನು ನೆಕ್ಕಿ ಒರೆಸಿ, ಮತ್ತೆ ಜೇಬಿಗೆ ಹಾಕಿಕೊಂಡರು. "ಅಬ್ಬಾ, ಏನು ಆಸೆ ನೋಡಿ! ರಾಜರ ಬೆಳ್ಳಿ ನುಂಗಿದ್ದು ಸಾಲದೂಂತ ನನ್ನ ಸ್ಟೀಲ್ ಚಮಚಕ್ಕೂ ಕಣ್ಣು ಹಾಕ್ತಾನಲ್ಲ!"