ಯಾವ ಕೆಂಪು, ಯಾವ ಎಣ್ಣೆ

ನನ್ನ ಷಡ್ಡಕರಿಗೆ ಕಣ್ಣಿನ ದೋಷವಿದೆ ಎಂದು ನಾನು ಊರೆಲ್ಲ ಹೇಳಿಕೊಂಡು ಬಂದಿದ್ದೇನೆ. ಇಲ್ಲದಿದ್ದರೆ, ಎದುರಿಗೆ ಕೆಂಪು ಸೀರೆ ಹರವಿಟ್ಟಿರುವಾಗ "ಇದು ಯಾವ ಕೆಂಪು?" ಎಂದು ಕಣ್ಣಿದ್ದವರು ಯಾರಾದರೂ ಕೇಳುತ್ತಾರೆಯೇ?

ಇವರು ನನ್ನ ಹೆಂಡತಿಯ ಅಕ್ಕನ ಗಂಡ. ಭದ್ರಾವತಿಯ ನ್ಯೂ ಟೌನಿನಲ್ಲಿ ಇವರ ಅಂಗಡಿ, ಶಿವಮೊಗ್ಗದ ಗೋಪಾಳದಲ್ಲಿ ನನ್ನದು. ಇಬ್ಬರೂ ಮಾಡುವುದು ಒಂದೇ ಕೆಲಸ, ಫೋಟೋಗಳನ್ನು ಆಳೆತ್ತರದ ಕ್ಯಾನ್ವಾಸಿನ ಮೇಲೆ ಪ್ರಿಂಟ್ ಹಾಕುವುದು. ಪ್ರಿಂಟರೂ ಒಂದೇ ಕಂಪನಿಯದು, ಇಂಕೂ ಒಂದೇ. ಹಾಗಿದ್ದೂ ನನ್ನ ಪಕ್ಕದ ಬಡಾವಣೆ ಆಲ್ಕೊಳದ ಜನ ನನ್ನ ಅಂಗಡಿ ಬಿಟ್ಟು ಭದ್ರಾವತಿ ಬಸ್ಸು ಹತ್ತುತ್ತಾರೆ! ಇದನ್ನು ನೋಡಿಕೊಂಡು ಸುಮ್ಮನಿರಲು ನಾನೇನು ಸನ್ಯಾಸಿಯೇ? ಹೊಟ್ಟೆ ಉರಿಯುತ್ತದೆ. ಚೆನ್ನಾಗಿಯೇ ಉರಿಯುತ್ತದೆ.

ಅವರ ಅಂಗಡಿಯ ಗೋಡೆ ಬೂದು ಬಣ್ಣದ್ದು. ತೊಡುವ ಅಂಗಿಯೂ ಬೂದು. ಬೇರೆ ಬಣ್ಣವಿದ್ದರೆ ಅದರ ಛಾಯೆ ಪ್ರಿಂಟಿನ ಮೇಲೆ ಬಿದ್ದು ಕಣ್ಣು ಮೋಸಹೋಗುತ್ತದಂತೆ. ಒಮ್ಮೆ ನನ್ನ ಹೆಂಡತಿ ಹಳದಿ ಸೀರೆಯುಟ್ಟು ಹೋಗಿದ್ದಳು. "ಸ್ವಲ್ಪ ಆಚೆ ನಿಲ್ಲಮ್ಮ, ನಿನ್ನ ಹಳದಿ ನನ್ನ ಪ್ರಿಂಟಿಗೆ ಹತ್ತುತ್ತೆ" ಎಂದರು. ಅವಳು ನಗುತ್ತಾ ಬಾಗಿಲಾಚೆ ಹೋಗಿ ನಿಂತಳು. ಟೀವಿಗೆ ಅಡ್ಡ ನಿಂತಾಗ ಸ್ವಲ್ಪ ಪಕ್ಕಕ್ಕೆ ಸರಿ ಎಂದು ನಾನು ಹೇಳಿದ್ದಕ್ಕೆ ಮಾತೇ ಬಿಟ್ಟಿದ್ದಳು.

ಮದುವೆ ಫೋಟೋ ತಂದವರು ಮದುಮಗಳ ಸೀರೆಯನ್ನೂ ತರಬೇಕು. ಕ್ಯಾನ್ವಾಸಿನ ಚೂರಿನಲ್ಲಿ ಪ್ರಿಂಟ್ ತೆಗೆದು, ಸೀರೆಯ ಪಕ್ಕ ಹಿಡಿದು, ಟ್ಯೂಬ್‌ಲೈಟಿನಡಿ ನೋಡಿ, ಬೀದಿಯ ಬಿಸಿಲಿಗೆ ಓಡಿ ಮತ್ತೆ ನೋಡುತ್ತಾರೆ. ಒಳಗೆ ಹೊಂದಿದ್ದು ಹೊರಗೆ ಹೊಂದದಿದ್ದರೆ ಮತ್ತೆ ಮೊದಲಿಂದ. ಇಷ್ಟಾದ ಮೇಲೂ ಕೊಡುವುದಿಲ್ಲ. "ನಾಳೆ ಬನ್ನಿ, ಒಣಗಲಿ. ಹಸಿ ಇಂಕು ಸುಳ್ಳು ಹೇಳುತ್ತೆ."

ನನ್ನದು ಹಾಗಲ್ಲ. ಬಟನ್ ಒತ್ತಿದೆ, ಸುತ್ತಿ ಕೊಟ್ಟೆ. ಬಂದವರು ಕೇಳುವುದೂ ಒಂದೇ, "ಸ್ವಲ್ಪ ಬೆಳ್ಳಗೆ ಮಾಡಿ ಕೊಡಿ ಸಾರ್." ಕೇಳುವ ಮೊದಲೇ ಮಾಡಿಟ್ಟಿರುತ್ತೇನೆ. ಷಡ್ಡಕರು ಮಾತ್ರ ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ. "ಹುಡುಗ ಕಪ್ಪಗೆ ಬಂದಿದ್ದಾನಲ್ಲ?" ಎಂದು ಮದುವೆ ಮನೆಯವರೊಬ್ಬರು ಜಗಳಕ್ಕೆ ನಿಂತರೆ, "ಬಂದಿರೋದಲ್ಲ ಸ್ವಾಮಿ, ಇರೋದು" ಎಂದುಬಿಟ್ಟರು. ಆ ಜನ ಅದೇ ಚಿತ್ರವನ್ನು ನಡುಮನೆಯಲ್ಲಿ ತೂಗುಹಾಕಿ, ಅವರಿಗೇ ಇನ್ನೊಂದು ಆರ್ಡರ್ ಕೊಟ್ಟರು! ಇದಕ್ಕೇನನ್ನಬೇಕು?

ಅಮ್ಮ ಹೋಗಿ ವರ್ಷವಾಗುತ್ತ ಬಂತು. ತಿಥಿಯ ಹೊತ್ತಿಗೆ ದೊಡ್ಡದೊಂದು ಚಿತ್ರ ಆಗಬೇಕಿತ್ತು. ಪ್ರಿಂಟಿಂಗ್ ಅಂಗಡಿ ಇಟ್ಟುಕೊಂಡ ಮಗ ತನ್ನ ತಾಯಿಯ ಚಿತ್ರವನ್ನು ಬೇರೆಯವರ ಕೈಗೆ ಕೊಡುತ್ತಾನೆಯೇ? ನಾನೇ ಹಾಕಿದೆ. ಹೆಂಡತಿ ನೋಡಿ, "ಯಾರ್ರೀ ಇವ್ರು?" ಎಂದಳು. ರೂಢಿಯ ಕೈ, ಅಮ್ಮನನ್ನೂ ಬೆಳ್ಳಗೆ ಮಾಡಿಬಿಟ್ಟಿತ್ತು. ಸರಿಪಡಿಸಲು ಹೋದರೆ ಒಮ್ಮೆ ಇಟ್ಟಿಗೆಯಂತಾದಳು, ಒಮ್ಮೆ ಹಸಿರಾದಳು. ಇದ್ದದ್ದೊಂದೇ ಫೋಟೋ, ಅದೂ ಹಳದಿಗಟ್ಟಿತ್ತು. ಹೆತ್ತ ತಾಯಿಯ ಬಣ್ಣವೇ ನನಗೆ ಸಿಗುತ್ತಿಲ್ಲವಲ್ಲ ಎಂದು ಸಂಕಟವಾಯಿತು. "ಸುಮ್ನೆ ಭಾವನ ಹತ್ರ ಹೋಗೋಣ" ಎಂದಳು ಹೆಂಡತಿ. ಹೋದೆ. ಹೇಗೆ ಹೋದೆ ಎಂಬುದು ನನಗೇ ಗೊತ್ತು.

"ಅಮ್ಮನ ಬಣ್ಣ ಹೇಗಿತ್ತು?" ಎಂದರು ಷಡ್ಡಕರು.

"ಎಣ್ಣೆಗೆಂಪು, ಭಾವ."

"ಯಾವ ಎಣ್ಣೆ? ಕೊಬ್ಬರಿ ಎಣ್ಣೆಯಾ, ಹುಚ್ಚೆಳ್ಳೆಣ್ಣೆಯಾ?"

ಸತ್ತ ತಾಯಿಯ ವಿಷಯದಲ್ಲೂ ತಮಾಷೆಯೇ ಎಂದು ಸಿಟ್ಟು ನೆತ್ತಿಗೇರಿತು. ನೋಡಿದರೆ ಅವರು ನಗುತ್ತಿರಲಿಲ್ಲ. ನನ್ನನ್ನೇ ದಿಟ್ಟಿಸಿ, ಕೈಹಿಡಿದು ಬಿಸಿಲಿಗೆ ಎಳೆದೊಯ್ದು, ಅಂಗಿಯ ತೋಳು ಮಡಚಿಸಿ, ಅಮ್ಮನ ಫೋಟೋದಿಂದ ತೆಗೆದ ಪ್ರಿಂಟಿನ ಚೂರುಗಳನ್ನು ಒಂದಾದ ಮೇಲೊಂದು ನನ್ನ ಮುಂಗೈಗೆ ಹಿಡಿಯತೊಡಗಿದರು. ಹೋಗಿಬರುವವರೆಲ್ಲ ನಿಂತು ನೋಡುತ್ತಿದ್ದರು.

"ಇದೇನು ಭಾವ, ಬೀದೀಲಿ?"

"ಅಲ್ಲಾಡ್ಬೇಡ ಮಾರಾಯ."

ಕೊನೆಗೆ ಎಂದಿನ ಮಾತು. "ನಾಳೆ ಬಾ, ಒಣಗಲಿ."

ಮಾರನೇ ದಿನ ತಪ್ಪು ಹುಡುಕಲೆಂದೇ ಹೋದೆ. ಆ ಬೂದು ಗೋಡೆಯ ಮೇಲೆ ಅಮ್ಮ ಇದ್ದಳು. ಇಟ್ಟಿಗೆಯೂ ಅಲ್ಲ, ಬೆಳ್ಳಗಿನವಳೂ ಅಲ್ಲ, ಅಮ್ಮ.

"ಹೇಗೆ ಸಿಕ್ತು ಭಾವ?"

"ಅವರ ಕೈಲಿ ಎಷ್ಟು ಸಲ ಬಡಿಸ್ಕೊಂಡು ಉಂಡಿಲ್ಲ ಮಾರಾಯ? ನಿಂದೂ ಅದೇ ಕೈ. ಫೋಟೋ ಮಾಸಿತ್ತು, ನೀನು ಮಾಸಿಲ್ವಲ್ಲ."

ಹೊಟ್ಟೆಕಿಚ್ಚು ಕಡಿಮೆಯಾಯಿತೆಂದು ತಿಳಿಯಬೇಡಿ, ಹೆಚ್ಚಾಗಿದೆ. ನನ್ನ ಅಮ್ಮ ನನ್ನ ಕೈಯಲ್ಲೇ ಇದ್ದದ್ದು ನನಗಿಂತ ಮೊದಲು ಅವರಿಗೆ ಕಂಡಿತಲ್ಲ! ಆದರೂ ದಿನಾ ಅಂಗಡಿಗೆ ಹೊರಡುವ ಮುನ್ನ, ಹೆಂಡತಿ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ತೋಳು ಮಡಚಿ ಕೈಯನ್ನು ನಡುಮನೆಯಲ್ಲಿ ತೂಗುಹಾಕಿದ ಅಮ್ಮನ ಚಿತ್ರದ ಪಕ್ಕ ಹಿಡಿಯುತ್ತೇನೆ. ಟ್ಯೂಬ್‌ಲೈಟಿನಲ್ಲೂ ಹೊಂದುತ್ತದೆ, ಕಿಟಕಿಯ ಬಿಸಿಲಲ್ಲೂ ಹೊಂದುತ್ತದೆ.